ಹೊಳಲ್ಕೆರೆ ಗೋದಾಮಿನ ತಂತಿ, ನನ್ನ ಬಾಯಿ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹೊಸದುರ್ಗಕ್ಕೆ ಹೋಗಬೇಕಿದ್ದ ಎರಡು ಲಾರಿ ಶೇಂಗಾ ಬೀಜ ಹೊಳಲ್ಕೆರೆಗೆ ಹೋಗಿ, ಇಳಿಸಲು ಜಾಗವಿಲ್ಲದೆ, ತಲೆಯ ಮೇಲೆ ಮೋಡ ಹೊತ್ತುಕೊಂಡು ಬೀದಿಯಲ್ಲಿ ನಿಂತದ್ದಕ್ಕೆ ಕಾರಣ ಲಾರಿಯವನಲ್ಲ, ಕಚೇರಿಯ ಗುಮಾಸ್ತನೂ ಅಲ್ಲ. ಕಂಬದ ಮೇಲೆ ಕೂತು, ಇನ್ನೊಬ್ಬರ ದನಿಯಲ್ಲಿ, "ಗೋದಾಮು ಖಾಲಿ ಐತ್ರಿ, ಕಳಿಸ್ರಿ" ಅಂದವನು ನಾನೇ. ಹಾಗೆ ಅನ್ನು ಎಂದು ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಹೊಟ್ಟೆಕಿಚ್ಚು ಹೇಳಿಕೊಟ್ಟಿತ್ತು.

ಎಪ್ಪತ್ತರ ದಶಕ ಅರ್ಧಕ್ಕೆ ಬಂದಿತ್ತು. ನಾನು ಚಿತ್ರದುರ್ಗದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ತಾತ್ಕಾಲಿಕ ಲೈನ್‌ಮನ್. ನಮ್ಮ ಕಡೆ ಫೋನೆಂದರೆ ಆಗಿನ್ನೂ ಗೋಡೆಗೆ ಬಡಿದ ಮರದ ಪೆಟ್ಟಿಗೆ, ಅದರ ಪಕ್ಕದಲ್ಲೊಂದು ತಿರುಗಿಸುವ ಹಿಡಿ. ಹಿಡಿ ತಿರುಗಿಸಿದರೆ ಎಕ್ಸ್‌ಚೇಂಜಿನ ಹಲಗೆಯಲ್ಲಿ ಬೆರಳಗಲದ ತಗಡಿನ ಮುಚ್ಚಳ ಟಪ್ಪನೆ ಬೀಳುತ್ತಿತ್ತು. ಹಲಗೆಯ ಮುಂದೆ ಕೂತ ಆಪರೇಟರ್ ಅಕ್ಕ ಅಲ್ಲಿಗೆ ತುದಿಯಲ್ಲಿ ಪಿನ್ನಿದ್ದ ತಂತಿಯ ಹಗ್ಗ ಚುಚ್ಚಿ "ಯಾರು ಬೇಕ್ರಿ?" ಅನ್ನುತ್ತಿದ್ದರು. ಅಕ್ಕನಿಗೆ ನನ್ನ ಅಮ್ಮನ ವಯಸ್ಸು. ಕಿವಿ ಮಾತ್ರ ಮೊಲದ ಕಿವಿ. ಊರಿನಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎನ್ನುವುದು ಮನೆಯವರಿಗಿಂತ ಮೊದಲು ಅಕ್ಕನಿಗೆ ತಿಳಿಯುತ್ತಿತ್ತು.

ನಕಲು ಮಾಡುವುದು ನನಗೆ ಹುಟ್ಟಿನಿಂದ ಅಂಟಿದ ಚಟ. ಹಾಲಿನವಳ ದನಿಯಲ್ಲಿ ಕೂಗಿ ಬೀದಿಯ ಹೆಂಗಸರೆಲ್ಲ ಪಾತ್ರೆ ಹಿಡಿದು ಹೊಸಿಲಿಗೆ ಬರುವಂತೆ ಮಾಡಿದ್ದೆ. ಅಪ್ಪನ ಕೆಮ್ಮನ್ನು ಎಷ್ಟು ಚೆನ್ನಾಗಿ ಕೆಮ್ಮಿದ್ದೆನೆಂದರೆ ಅಜ್ಜಿ ಕತ್ತಲಲ್ಲಿ ನನಗೇ ಮೆಣಸಿನ ಕಷಾಯ ಕುಡಿಸಿಬಿಟ್ಟಿದ್ದಳು. ಎಕ್ಸ್‌ಚೇಂಜಿಗೆ ಸೇರಿದ ಮೇಲೆ ಹೊಸ ದನಿಗಳ ಹಬ್ಬ. ಫೋನಿನಲ್ಲಿ ಮುಖವಿಲ್ಲ, ಬರೀ ದನಿ. ನನ್ನಂಥವನಿಗೆ ಸರ್ಕಾರವೇ ಹುಡುಕಿಕೊಟ್ಟ ಕೆಲಸ. ನಮ್ಮ ಫೋನ್ ಇನ್‌ಸ್ಪೆಕ್ಟರರ ಮೂಗಿನ ದನಿಯಲ್ಲಿ ನಾನು ಬೈದರೆ ಜೊತೆಯವರು ಎದ್ದು ನಿಲ್ಲುತ್ತಿದ್ದರು. ಒಂದು ಸಲ ನಾನೇ ಎದ್ದು ನಿಂತಿದ್ದೆ. ಆದರೆ ಆಗ ಬೈದವರು ನಿಜವಾದ ಇನ್‌ಸ್ಪೆಕ್ಟರರು, ಹಿಂದೆ ನಿಂತಿದ್ದರು.

ಒಬ್ಬನನ್ನು ಮಾತ್ರ ನಕಲು ಮಾಡಲು ಆಗಿರಲಿಲ್ಲ. ಹಿರಿಯೂರಿನವನು.

ಅವನೂ ನನ್ನ ಹಾಗೆ ತಾತ್ಕಾಲಿಕ, ನನ್ನದೇ ವಯಸ್ಸು. ಹಿರಿಯೂರಿನ ಆಚೆ ಹಳ್ಳಿ, ಕುರಿ ಮಂದೆಯ ಮನೆ. ಮಾತೇ ಆಡುತ್ತಿರಲಿಲ್ಲ, ಇನ್ನು ನಕಲು ಮಾಡುವುದೇನನ್ನು? ಮಂದೆಯ ಹಿಂದೆ ನಡೆದು ಬೆಳೆದವನು, ಹತ್ತು ಮೈಲಿ ತಂತಿಯ ಕೆಳಗೆ ತಲೆ ಎತ್ತಿಕೊಂಡೇ ನಡೆಯುತ್ತಿದ್ದ, ಒಂದು ಸಲವೂ ಎಡವುತ್ತಿರಲಿಲ್ಲ. ನಾನು ತಲೆ ಎತ್ತಿದ ಕೂಡಲೇ ಚರಂಡಿ ಎದುರಿಗೇ ಬರುತ್ತಿತ್ತು. ಕಂಬ ಹತ್ತಲು ಹೋದರೆ ಹಳ್ಳಿಯ ನಾಯಿಗಳು ನನ್ನ ಹಿಮ್ಮಡಿಗೆ ಬಾಯಿ ಹಾಕುತ್ತಿದ್ದವು, ಅವನ ಮುಂದೆ ಬಾಲ ಮಡಚಿ ಕೂರುತ್ತಿದ್ದವು. ಆಪರೇಟರ್ ಅಕ್ಕ ನನ್ನ ನಕಲಿಗೆ ನಕ್ಕು ನಕ್ಕು ಕಣ್ಣು ಒರೆಸಿಕೊಂಡು, ಕೊನೆಗೆ ಚಹಾ ಬಗ್ಗಿಸುತ್ತಿದ್ದುದು ಅವನ ಲೋಟಕ್ಕೆ. ಎಕ್ಸ್‌ಚೇಂಜಿಗೆ ತಂತಿ ಎಲ್ಲಿ ಕೆಟ್ಟಿದೆ ಎಂದು ತೋರಿಸುವ ಒಂದೇ ಒಂದು ಹೊಸ ಮೀಟರು ಬಂದಾಗ ಇನ್‌ಸ್ಪೆಕ್ಟರರು ಅದನ್ನು ಅವನ ಕೈಗೆ ಕೊಟ್ಟರು. ನನ್ನ ಕೈಗೆ ಅದರ ಖಾಲಿ ಪೆಟ್ಟಿಗೆ ಕೊಟ್ಟರು, ಬೀರುವಿನ ಮೇಲಿಡಲು.

ಇಷ್ಟೆಲ್ಲದರ ಮೇಲೆ, ಕಾಯಂ ಹುದ್ದೆ ಬಂದದ್ದು ಒಂದು. ನಾವಿದ್ದದ್ದು ಇಬ್ಬರು. ಮುಂಗಾರು ಮುಗಿಯುವುದರೊಳಗೆ ಒಬ್ಬನ ಹೆಸರು ಮೇಲಿನ ಕಚೇರಿಗೆ ಹೋಗಬೇಕು, ಇನ್ನೊಬ್ಬ ಮತ್ತೆ ಆರಾರು ತಿಂಗಳ ಲೆಕ್ಕದಲ್ಲಿ ನೇತಾಡಬೇಕು. ಇನ್‌ಸ್ಪೆಕ್ಟರರು ನಮ್ಮಿಬ್ಬರನ್ನೂ ನಿಲ್ಲಿಸಿಕೊಂಡು, ಹೊಳಲ್ಕೆರೆ ಗೋದಾಮಿನ ತಂತಿಯ ಕಾಟವನ್ನು ಯಾರು ಬಿಡಿಸುತ್ತಾರೋ ನೋಡೋಣ ಅಂದರು. ಅಷ್ಟು ಸಾಕಾಯಿತು.

ಆ ಕಾಟ ಹೀಗಿತ್ತು. ಬೀಜ ಹಂಚುವ ಒಂದು ಸಂಘದ ಕೇಂದ್ರ ಕಚೇರಿ ಚಿತ್ರದುರ್ಗದಲ್ಲಿ. ಗೋದಾಮುಗಳು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ. ಮೂರಕ್ಕೂ ನಮ್ಮ ಎಕ್ಸ್‌ಚೇಂಜಿನಿಂದ ನೇರ ತಂತಿ ಎಳೆದಿತ್ತು. ಬೆಳಿಗ್ಗೆ ಹತ್ತಕ್ಕೆ ಕಚೇರಿಯ ಗುಮಾಸ್ತ ಒಂದೊಂದೇ ಗೋದಾಮನ್ನು ಕರೆಸಿ, ಎಷ್ಟು ಚೀಲ ಉಳಿದಿವೆ, ಎಷ್ಟು ಬೇಕು ಎಂದು ಕೇಳುತ್ತಿದ್ದ. ಉತ್ತರ ಬಂದ ಮೇಲೆ ಯಾವ ಲಾರಿ ಯಾವ ಕಡೆಗೆ ಎಂದು ತೀರ್ಮಾನ. ಹಿರಿಯೂರು, ಹೊಸದುರ್ಗ ಕರೆದರೆ ಓ ಅನ್ನುತ್ತಿದ್ದವು. ಹೊಳಲ್ಕೆರೆ ಮಾತ್ರ ನಾಲ್ಕು ದಿನ ಸತ್ತಂತೆ ಇರುತ್ತಿತ್ತು, ನಾವು ಏಣಿ ಹೊತ್ತು ಬಸ್ಸಿಳಿಯುವ ಹೊತ್ತಿಗೆ ಎದ್ದು ಕೂತು ಮಾತಾಡುತ್ತಿತ್ತು. ನಾವು ಕಂಬದ ಮೇಲಿನ ಪಿಂಗಾಣಿ ಬಟ್ಟಲು ಬದಲಿಸಿದೆವು, ಪೆಟ್ಟಿಗೆಯ ಬ್ಯಾಟರಿ ಬದಲಿಸಿದೆವು, ತುಕ್ಕು ಹಿಡಿದ ಗಂಟು ಬಿಚ್ಚಿ ಕಟ್ಟಿದೆವು. ದೂರಿನ ಚೀಟಿಯ ಮೇಲೆ ಪ್ರತಿ ಸಲವೂ "ಹೋಗಿ ನೋಡಿದಾಗ ಸರಿಯಿತ್ತು" ಎಂದು ಬರೆದು ಬರೆದು ನನಗೇ ನಾಚಿಕೆಯಾಗತೊಡಗಿತು. ಸಂಘದ ಗುಮಾಸ್ತನಿಗೆ ಇನ್ನೊಂದು ದೂರು. ಹೊಳಲ್ಕೆರೆ ಯಾವಾಗ ಸಿಕ್ಕರೂ ಇಷ್ಟೇ ಚೀಲ ಉಳಿದೈತೆ, ಕಳಿಸ್ರಿ ಅನ್ನುವುದೊಂದೇ ಮಾತು, ಆ ಗೋದಾಮಿಗೆ ಹೊಟ್ಟೆ ತುಂಬುವುದೇ ಇಲ್ಲ ಎನ್ನುತ್ತಿದ್ದ. ಅದನ್ನು ನಾವು ತಂತಿಯ ವಿಷಯ ಎಂದುಕೊಳ್ಳಲಿಲ್ಲ.

ಗೋದಾಮನ್ನು ನೋಡಿಕೊಳ್ಳುತ್ತಿದ್ದವರು ಹೊಳಲ್ಕೆರೆಯ ಹಳೆಯ ಮನೆತನದ ಒಬ್ಬ ಸಾಹೇಬರು. ಬಿಳಿ ಗಡ್ಡ, ಕಿವಿಯ ಮೇಲೆ ಪೆನ್ಸಿಲು. ಗಂಟಲು ಎರಡು ಸಲ ಸರಿಮಾಡಿಕೊಂಡು, "ಅಚ್ಛಾ" ಎಂದು ಒಂದು ಮೆಟ್ಟಿಲು ಇಳಿದು, ಆಮೇಲೆ ಮಾತು ಶುರು. ನನಗೆ ಆ ದನಿ ಒಂದೇ ಭೇಟಿಯಲ್ಲಿ ಬಂದುಬಿಟ್ಟಿತ್ತು. ಎಕ್ಸ್‌ಚೇಂಜಿನಲ್ಲಿ ಮಾಡಿ ತೋರಿಸಿದಾಗ ಅಕ್ಕ ಹಗ್ಗ ಕೈಬಿಟ್ಟು ನಕ್ಕಿದ್ದರು. ಹಿರಿಯೂರಿನವನು ನಗಲಿಲ್ಲ. ಸಾಹೇಬ್ರು ಅಂಕಿ ಹೇಳುವಾಗ ಇನ್ನೂ ನಿಧಾನ ಮಾಡ್ತಾರೆ ಎಂದಷ್ಟೇ ಹೇಳಿ ಮೀಟರು ಒರೆಸುತ್ತ ಕೂತ. ಅವನು ಹೇಳಿದ್ದು ಸರಿ. ಅದಕ್ಕೇ ಉರಿಯಿತು.

ಜೂನಿನ ಮೊದಲ ವಾರ ತಂತಿ ಮತ್ತೆ ಸತ್ತಿತು. ಈ ಸಲ ಹೊಸದುರ್ಗದಲ್ಲೂ ಬೀಜ ಮುಗಿಯುತ್ತ ಬಂದಿತ್ತು. ಎರಡು ಲಾರಿ ತುಂಬಿ ನಿಂತಿದ್ದವು. ಹೊಳಲ್ಕೆರೆಯ ಲೆಕ್ಕ ತಿಳಿಯದೆ ಅವುಗಳನ್ನು ಯಾವ ಕಡೆ ಬಿಡಬೇಕೆಂದು ಗುಮಾಸ್ತ ಮೂರು ದಿನದಿಂದ ಅಕ್ಕನ ಪ್ರಾಣ ಹಿಂಡುತ್ತಿದ್ದ.

ಆ ಬೆಳಿಗ್ಗೆ ಹಿರಿಯೂರಿನವನು ಮೊದಲು ಎಕ್ಸ್‌ಚೇಂಜಿನ ಹಿಡಿ ತಿರುಗಿಸಿ ನೋಡಿದ. ತಂತಿ ಎಲ್ಲಾದರೂ ಹರಿದಿದ್ದರೆ ಹಿಡಿ ಹಗುರಾಗಿ ಗಿರ್ರನೆ ತಿರುಗುತ್ತದೆ. ಎರಡು ತಂತಿಯೂ ಒಂದಕ್ಕೊಂದು ತಾಗಿದ್ದರೆ ರಾಗಿ ಕಲ್ಲಿನ ಹಾಗೆ ಭಾರವಾಗುತ್ತದೆ. ಭಾರವಾಗಿತ್ತು. ಆಮೇಲೆ ಮೀಟರು ಹಚ್ಚಿದ. ತಂತಿ ಹತ್ತಿರದಲ್ಲೇ ತಾಗಿದ್ದರೆ ಮೀಟರಿನ ಮುಳ್ಳು ತುಂಬ ಓಡುತ್ತದೆ, ದೂರವಾದಷ್ಟೂ ಕಡಿಮೆ. ಮುಳ್ಳು ಸ್ವಲ್ಪವೇ ಅಲುಗಿ ನಿಂತಿತು. ಅವನು ಅದನ್ನೇ ಎವೆಯಿಕ್ಕದೆ ನೋಡಿ, ಒಂದು ವಾರಕ್ಕಾಗುವಷ್ಟು ಮಾತನ್ನು ಒಟ್ಟಿಗೆ ಆಡಿದ.

"ತಪ್ಪು ಕೊನೇಲೈತೆ. ಗೋದಾಮಿನ ಒಳಗೇ ಇರ್ಬೇಕು. ನೀನು ಕಂಬ ನೋಡ್ಕೋತ ನಿಂತ್ಕಬ್ಯಾಡ, ನೆಟ್ಟಗೆ ಅಲ್ಲಿಗೋಗು."

ಇನ್‌ಸ್ಪೆಕ್ಟರರು ಮೆಚ್ಚಿ ತಲೆಯಾಡಿಸಿದರು. ಅವನು ಮೀಟರಿನ ಮುಂದೆ ಕುರ್ಚಿಯಲ್ಲಿ. ನಾನು ಏಣಿ, ಹಗ್ಗ, ಹೆಗಲಿಗೆ ನೇತುಹಾಕುವ ಪರೀಕ್ಷೆಯ ಫೋನು ಹೊತ್ತು ಬಸ್ಸಿನಲ್ಲಿ. ಅವನು ಹೇಳುವವನು, ನಾನು ಹೋಗುವವನು. ಹೊಳಲ್ಕೆರೆ ಮುಟ್ಟುವವರೆಗೂ ಬಸ್ಸಿನ ಕಿಟಕಿಗೆ ಹಣೆ ಬಡಿಸಿಕೊಳ್ಳುತ್ತ ಅದನ್ನೇ ಯೋಚಿಸಿದೆ. ತಪ್ಪು ಗೋದಾಮಿನಲ್ಲೇ ಸಿಕ್ಕರೆ ಹೆಸರು ಮೀಟರಿನವನದ್ದು. ದಾರಿಯಲ್ಲಿ ಸಿಕ್ಕರೆ ನನ್ನದು. ಆದ್ದರಿಂದ ತಪ್ಪು ದಾರಿಯಲ್ಲೇ ಇರಬೇಕೆಂದು ನಾನು ತೀರ್ಮಾನಿಸಿದೆ.

ತೀರ್ಮಾನಿಸಿದ ಮೇಲೆ ಸಿಗದೆ ಇರುತ್ತದೆಯೇ? ಊರು ಒಂದು ಮೈಲಿ ಇರುವಾಗಲೇ ಬಸ್ಸಿಳಿದು ನಡೆದೆ. ಒಂದು ಹುಣಸೆಮರದ ಕೊಂಬೆ ನಮ್ಮ ತಂತಿಗೆ ತಗಲುತ್ತಿತ್ತು. ಕಳ್ಳ ಸಿಕ್ಕಿದ ಎಂದು ಕುಣಿದುಬಿಟ್ಟೆ. ಕೊಂಬೆ ಕಡಿದೆ. ಕಂಬ ಹತ್ತಿ, ತಂತಿಯ ಎರಡು ಭಾಗವನ್ನು ಕೂಡಿಸುವ ತುಂಡುಗಳನ್ನು ಬಿಚ್ಚಿ, ಚಿತ್ರದುರ್ಗದ ಕಡೆಯ ತುದಿಗೆ ನನ್ನ ಫೋನು ಸಿಕ್ಕಿಸಿ ಹಿಡಿ ತಿರುಗಿಸಿದೆ. ಹಗುರಾಗಿ ತಿರುಗಿತು. ಅಕ್ಕನ ದನಿ ಪಕ್ಕದಲ್ಲೇ ನಿಂತ ಹಾಗೆ ಕೇಳಿಸಿತು.

ಇನ್ನುಳಿದದ್ದು ಇಷ್ಟೇ. ಗೋದಾಮಿನ ಕಡೆಯ ತುದಿಗೂ ಫೋನು ಸಿಕ್ಕಿಸಿ ಹಿಡಿ ತಿರುಗಿಸಿ ನೋಡಬೇಕು. ತಿರುಗಿಸಲಿಲ್ಲ. ಭಾರವಾಗಿಬಿಟ್ಟರೆ ಎನ್ನುವ ಅಂಜಿಕೆ ಇತ್ತು ಎಂದು ಈಗ ಹೇಳಬಲ್ಲೆ. ಆಗ ಬಿಸಿಲು ಎಂದು ಹೇಳಿಕೊಂಡೆ. ಅಷ್ಟರಲ್ಲಿ ಅಕ್ಕ ಹಿರಿಯೂರಿನವನಿಗೆ ಕೊಟ್ಟರು. ಹುಣಸೆಕೊಂಬೆ ಕಣಪ್ಪ, ನಿನ್ನ ಮೀಟರಿಗೆ ಮರ ಗಿಡ ಕಾಣಿಸಲ್ಲ ಅಂತ ಕಾಣ್ತದೆ ಎಂದು ಛೇಡಿಸಿದೆ. ಅವನು, ಸಾಹೇಬ್ರ ದನಿ ಕೇಳಿಸು ಅಂದ.

ನಮ್ಮಲ್ಲಿ ಅದು ಕಟ್ಟಳೆ. ತಂತಿ ಸರಿಯಾಯಿತೆಂದು ಲೈನ್‌ಮನ್ ಹೇಳಿದರೆ ಸಾಲದು. ಆ ಕೊನೆಯಲ್ಲಿ ಫೋನು ಇಟ್ಟುಕೊಂಡವರು ತಮ್ಮ ಬಾಯಲ್ಲಿ ಮಾತಾಡಬೇಕು. ಈ ಕೊನೆಯಲ್ಲಿ ಕೇಳಿಸಿಕೊಂಡವನು ಚೀಟಿಗೆ ಸಹಿ ಮಾಡಬೇಕು. ಅಂದರೆ ನಾನು ಕಂಬ ಇಳಿದು ಒಂದು ಮೈಲಿ ನಡೆಯಬೇಕು. ತಿರುಗಿ ಹೋಗುವ ಬಸ್ಸು ಬರುವ ಹೊತ್ತು. ತಡಿ, ಗೋದಾಮಿಗೆ ಹೋಗಿ ಮಾತಾಡಿಸ್ತೀನಿ ಎಂದೆ. ಕಂಬದ ಮೇಲೇ ಕೂತು ಒಂದು ಬೀಡಿ ಸೇದಿದೆ. ಆಮೇಲೆ ಹಿಡಿ ತಿರುಗಿಸಿ, ಗಂಟಲು ಎರಡು ಸಲ ಸರಿಮಾಡಿಕೊಂಡೆ.

"ಅಚ್ಛಾ. ಹೊಳಲ್ಕೆರೆ ಗೋದಾಮು. ಕೇಳಿಸ್ತೈತ್ರಿ."

ಇಷ್ಟಕ್ಕೇ ನಿಂತಿದ್ದರೆ ನನ್ನ ತಪ್ಪು ಚಿಕ್ಕದಾಗಿರುತ್ತಿತ್ತು. ಆದರೆ ಸಂಘದ ಗುಮಾಸ್ತ ಮೂರು ದಿನದಿಂದ ಕಾದು ಕೂತಿದ್ದನಲ್ಲ. ಅಕ್ಕ ಪಾಪ, ಸಾಹೇಬರು ಸಿಕ್ಕರೆಂದು ಅವನ ಹಗ್ಗವನ್ನೂ ಚುಚ್ಚಿಬಿಟ್ಟರು. ಅವನು ನಮಸ್ಕಾರವನ್ನೂ ಹೇಳದೆ, ಸಾಹೇಬ್ರೇ ದಾಸ್ತಾನು ಎಷ್ಟೈತೆ ಅಂದ. ನನಗೇನು ಗೊತ್ತು? ತುಂಬಿದೆ ಎಂದರೆ ಎಷ್ಟು ಚೀಲ ಎಂದು ಕೇಳುತ್ತಾನೆ. ಖಾಲಿ ಎಂದರೆ ಎಣಿಸಬೇಕಾಗಿಲ್ಲ. ಈ ಬುದ್ಧಿವಂತಿಕೆ ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹೊಳೆಯಿತು, ಹೊಳೆದದ್ದು ಬಾಯಿಂದ ಹೊರಬಿತ್ತು: "ಗೋದಾಮು ಖಾಲಿ ಐತ್ರಿ, ಕಳಿಸ್ರಿ."

ಗುಮಾಸ್ತ ಫೋನಿಟ್ಟ. ಹಿರಿಯೂರಿನವನು ಚೀಟಿಗೆ ಸಹಿ ಮಾಡಿದ. ನಾನು ತುಂಡುಗಳನ್ನು ಮತ್ತೆ ಕೂಡಿಸಿ, ಇಳಿದು, ಓಡಿ ಬಸ್ಸು ಹಿಡಿದೆ. ಸಂಜೆ ಇನ್‌ಸ್ಪೆಕ್ಟರರು ನನ್ನ ಬೆನ್ನು ತಟ್ಟಿದರು. ಅಕ್ಕ ನನ್ನ ಲೋಟಕ್ಕೆ ಚಹಾ ಬಗ್ಗಿಸಿದರು. ಹಿರಿಯೂರಿನವನು ಮೀಟರಿನ ಹಿಂಬದಿ ಬಿಚ್ಚಿ ಅದರ ಹೊಟ್ಟೆಯೊಳಗೆ ಏನನ್ನೋ ನೋಡುತ್ತಿದ್ದ. ಅವನ ಸಪ್ಪೆ ಮುಖ ನೋಡುತ್ತ ಕುಡಿದ ಆ ಚಹಾದಷ್ಟು ರುಚಿಯಾದದ್ದನ್ನು ನಾನು ಕುಡಿದಿಲ್ಲ.

ಮಾರನೆಯ ಬೆಳಿಗ್ಗೆ ಹತ್ತಕ್ಕೆ ಹೊಳಲ್ಕೆರೆ ಮತ್ತೆ ಸತ್ತಿತ್ತು. ಹನ್ನೊಂದೂವರೆಗೆ ಗೋದಾಮಿನ ಸಾಹೇಬರು ತಾವೇ ಬಸ್ಸು ಹತ್ತಿ ಎಕ್ಸ್‌ಚೇಂಜಿಗೆ ಬಂದರು. ಕಿವಿಯ ಮೇಲಿನ ಪೆನ್ಸಿಲು ತೆಗೆಯುವುದನ್ನೂ ಮರೆತಿದ್ದರು. ಮಾಡಿನವರೆಗೆ ತುಂಬಿದ ಗೋದಾಮಿನ ಮುಂದೆ ರಾತ್ರಿ ಎರಡು ಲಾರಿ ಬಂದು ನಿಂತಿವೆ, ಹೊಸದುರ್ಗದಲ್ಲಿ ಬಿತ್ತನೆ ಬೀಜಕ್ಕೆ ಬಂದವರು ಬರಿಗೈಯಲ್ಲಿ ಕೂತಿದ್ದಾರೆ, ರಾಮಗಿರಿ ಗುಡ್ಡದ ಕಡೆ ಮೋಡ ಕಪ್ಪಾಗಿದೆ, ಬೀಜ ನೆನೆದರೆ ಮೊಳಕೆ ಬಂದು ಹಾಳು, ಕಳಿಸಿರೆಂದು ಹೇಳಿದ ಬೇವಕೂಫ ಯಾರು ಎನ್ನುವುದು ಅವರ ಮಾತಿನ ಸಾರಾಂಶ. ನೀವೇ ಹೇಳಿದಿರಂತೆ ಎಂದರು ಇನ್‌ಸ್ಪೆಕ್ಟರರು. ನಾಲ್ಕು ದಿನದಿಂದ ನನ್ನ ಫೋನು ಉಸಿರೇ ಬಿಟ್ಟಿಲ್ಲ ಎಂದರು ಸಾಹೇಬರು.

ಇನ್‌ಸ್ಪೆಕ್ಟರರು ಚೀಟಿ ತೆಗೆಸಿದರು. ಕೆಳಗೆ ಹಿರಿಯೂರಿನವನ ದುಂಡು ಸಹಿ. ಕೊಂಬೆ ಕಡಿದವನು ತನ್ನ ಕೆಲಸ ಮಾಡಿದ್ದಾನೆ, ಇವನು ದನಿ ಕೇಳದೆ ಸಹಿ ಹಾಕಿದ್ದಾನೆ ಎಂದು ಅವರಿಗನ್ನಿಸಿತು. ಅಕ್ಕನಿಗೂ ಗುಮಾಸ್ತನಿಗೂ ಲೈನಿನಲ್ಲಿ ಯಾರ ದನಿಯೋ ಅಡ್ಡ ಬಂದು ಕೇಳಿರಬೇಕು, ತಂತಿ ತಂತಿ ತಾಗಿದಾಗ ಹಾಗೂ ಆಗುವುದುಂಟು. ಕೇಳಿಸಿಕೊಂಡಿದ್ದೀಯೇನಯ್ಯಾ ಎಂದು ಅವನನ್ನು ಗದರಿದರು. ಅವನು ಕೇಳಿಸ್ಕಂಡೆ ಸಾರ್ ಅಂದ. ಸುಳ್ಳು ಸಹಿಯ ಜೊತೆಗೆ ಸುಳ್ಳು ಮಾತು ಬೇರೆ ಎಂದು ಇನ್‌ಸ್ಪೆಕ್ಟರರು ಕೆಂಪಾದರು. ನಿನ್ನ ಹೆಸರು ಹೋಗುವುದಿಲ್ಲ, ಇವನದ್ದು ಹೋಗುತ್ತದೆ ಎಂದು ನನ್ನತ್ತ ಕೈ ತೋರಿಸಿದರು.

ಸುಳ್ಳು ಹೇಳುವುದಿಲ್ಲ; ಮೊದಲು ಸಂತೋಷವೇ ಆಯಿತು. ಒಳಗೆ ಯಾರೋ ಡೊಳ್ಳು ಬಡಿದ ಹಾಗೆ. ಆಮೇಲೆ ಆ ಡೊಳ್ಳು ನಿಲ್ಲಲೇ ಇಲ್ಲ.

ಸಾಹೇಬರ ಜೊತೆಗೇ ನಮ್ಮಿಬ್ಬರನ್ನೂ ಬಸ್ಸಿಗೆ ಹತ್ತಿಸಿದರು. ಗೋದಾಮಿನ ಮುಂದೆ, ಕಚೇರಿಯ ಅಪ್ಪಣೆಗೆ ಕಾಯುತ್ತ, ತಾಡಪಾಲು ಹೊದ್ದ ಎರಡು ಲಾರಿ. ಒಳಗೆ ಮಾಡು ಮುಟ್ಟುವಷ್ಟು ಚೀಲ. ಗೋಡೆಯ ಪಕ್ಕದಲ್ಲಿ ಫೋನಿನ ಪೆಟ್ಟಿಗೆಯ ಮುಂದೆ ಮಾತ್ರ ಒಬ್ಬರು ನಿಲ್ಲುವಷ್ಟು ಸಂದು. ನಾನು ಮಾಡಿದ ಮೊದಲ ಕೆಲಸ ಏಣಿ ತೆಗೆದುಕೊಂಡು ಹೊರಗಿನ ಕಂಬಕ್ಕೆ ಓಡಿದ್ದು. ಅಲ್ಲಾದರೂ ಏನಾದರೂ ಸಿಕ್ಕರೆ ಸಾಕಾಗಿತ್ತು. ಹಿರಿಯೂರಿನವನು ಫೋನಿನ ಹತ್ತಿರ ಒಂದು ಚೀಲದ ಮೇಲೆ ಕೂತುಬಿಟ್ಟ.

ಸಾಹೇಬರು ಹಮಾಲರನ್ನು ಕರೆದು, ಹೊಸದುರ್ಗಕ್ಕೆ ಈ ಎರಡು ಲಾರಿಯ ಜೊತೆ ಇನ್ನೊಂದಕ್ಕಾಗುವಷ್ಟು ಚೀಲ ತೆಗೆದು, ಓಡಾಡಲು ಜಾಗ ಮಾಡಿ ಎಂದಿದ್ದರು. ಅವರು ಮೇಲಿನಿಂದ ಒಂದೊಂದೇ ವರಸೆ ಚೀಲ ಇಳಿಸತೊಡಗಿದರು. ಹಿರಿಯೂರಿನವನು ಪ್ರತಿ ವರಸೆ ಇಳಿದ ಮೇಲೂ ಎದ್ದು ಫೋನಿನ ಹಿಡಿ ಒಂದು ಸುತ್ತು ತಿರುಗಿಸಿ, ಮತ್ತೆ ಕೂರುತ್ತಿದ್ದ. ಅಷ್ಟೇ. ಕುರಿ ಮೇಯಲು ಬಿಟ್ಟು ಬಂಡೆಯ ಮೇಲೆ ಕೂತ ಹಾಗೆ. ನಾನು ಕಂಬ ಹತ್ತಿ ಇಳಿದು ಅಂಗೈ ಸುಲಿದುಕೊಳ್ಳುವಾಗ ಇವನಿಗೆ ಕೂತು ಸಂಬಳ ಎಂದು ಹಲ್ಲು ಕಚ್ಚಿದೆ. ಅವನ ಹೆಸರು ಅಳಿಸಿದ್ದಾಗಿತ್ತು, ಆದರೂ ಕಚ್ಚಿದೆ. ಅಭ್ಯಾಸ.

ಆರನೆಯ ವರಸೆ ಇಳಿಯಿತು. ಅವನು ಹಿಡಿ ತಿರುಗಿಸಿದ. ಗಿರ್ರೆಂದಿತು. ಇನ್ನೊಮ್ಮೆ ತಿರುಗಿಸಿದ. ಹಗುರ.

ಈಗ ಇಳಿಸಿದ ಚೀಲ ಮತ್ತೆ ಅಲ್ಲೇ ಇಡ್ರಿ ಎಂದ. ಹಮಾಲರು ಇವನಿಗೆ ತಲೆ ಕೆಟ್ಟಿದೆಯೇ ಎಂದು ಸಾಹೇಬರ ಮುಖ ನೋಡಿದರು. ಇಟ್ಟರು. ಹಿಡಿ ರಾಗಿ ಕಲ್ಲಾಯಿತು. ತೆಗೆದರು. ಗಿರ್ರ್. ಅವನು ಗೋಡೆಗೂ ಚೀಲಕ್ಕೂ ನಡುವೆ ತೋಳು ತೂರಿಸಿ, ಮುಖವೆಲ್ಲ ಧೂಳು ಮಾಡಿಕೊಂಡು ತಂತಿಯನ್ನು ಎಳೆದು ತೋರಿಸಿದ. ಹೊರಗಿನ ಕಂಬದಿಂದ ಫೋನಿಗೆ ಬರುವ ಜೋಡು ತಂತಿ ಕಿಟಕಿಯ ಕಬ್ಬಿಣದ ಸರಳನ್ನು ಒರಸಿಕೊಂಡು ಹೋಗಿತ್ತು. ಆ ಎತ್ತರಕ್ಕೆ ಚೀಲ ಬಂದಾಗಲೆಲ್ಲ ಅದು ತಂತಿಯನ್ನು ಸರಳಿಗೆ ಒತ್ತಿ ಒತ್ತಿ, ಮೇಲಿನ ಹೊದಿಕೆ ಸವೆದು, ಎರಡೂ ಎಳೆಯ ತಾಮ್ರ ಸರಳಿಗೆ ತಾಗಿ ಹಲ್ಲು ಕಿರಿಯುತ್ತಿತ್ತು.

ಸಾಹೇಬರು ಪೆನ್ಸಿಲು ಕಿವಿಯಿಂದ ತೆಗೆದು ಗಡ್ಡ ಕೆರೆದುಕೊಂಡರು. ಗೋದಾಮು ತುಂಬಿದಾಗ ಫೋನು ಸಾಯುತ್ತಿತ್ತು, ಚೀಲ ಖರ್ಚಾಗಿ ಗುಡ್ಡೆ ಇಳಿದಾಗ ಬದುಕುತ್ತಿತ್ತು. ಬದುಕಿದಾಗ ಕಚೇರಿಯವರು ಕೇಳಿದರೆ ಬೀಜ ಕಡಿಮೆ ಇದೆ ಎನ್ನದೆ ಬೇರೇನು ಹೇಳಬೇಕು? ಅವರು ಕಳಿಸುತ್ತಿದ್ದರು. ಮತ್ತೆ ತುಂಬುತ್ತಿತ್ತು, ಮತ್ತೆ ಸಾಯುತ್ತಿತ್ತು. "ಹಂಗಾರೆ ಎರಡು ವರ್ಷದಿಂದ ನನ್ನ ಹೊಟ್ಟೆಬಾಕ ಅಂತ ಬೈಸಿದ್ದು ಈ ಗೇಣುದ್ದ ತಂತಿ," ಅಂದರು.

ನಾನು ನಗಲು ಬಾಯಿ ತೆರೆದವನು ಹಾಗೇ ನಿಂತೆ. ಕಿಟಕಿಯ ಪಕ್ಕದಲ್ಲಿ ತಂತಿಗೊಂದು ಗಂಟಿತ್ತು. ಗಂಟಿನ ಸುರುಳಿ ಎಡಕ್ಕೆ ತಿರುಗಿತ್ತು. ಎಲ್ಲರೂ ತಂತಿಯನ್ನು ಬಲಕ್ಕೆ ಹೊಸೆಯುತ್ತಾರೆ. ನಮ್ಮ ಎಕ್ಸ್‌ಚೇಂಜಿನಲ್ಲಿ ಎಡಚ ಒಬ್ಬನೇ. ಎರಡು ವರ್ಷದ ಹಿಂದೆ ಈ ಫೋನು ಕೂಡಿಸಲು ಬಂದಾಗ, ತಂತಿಯನ್ನು ಬಾಗಿಲ ಮೇಲಿನಿಂದ ಸುತ್ತಿ ತರಬೇಕಿತ್ತು. ನಾನು ಕಿಟಕಿಯಿಂದ ಅಡ್ಡಹಾದಿ ಹಿಡಿದಿದ್ದೆ, ಅಂದೂ ಬಸ್ಸಿಗೆ ಹೊತ್ತಾಗಿತ್ತು.

ಹಿರಿಯೂರಿನವನೂ ಆ ಗಂಟನ್ನು ನೋಡಿದ. ಅವನಿಗೆ ಗೊತ್ತಾಯಿತೆಂದು ನನಗೆ ಗೊತ್ತಾಯಿತು. ಅವನು ಸಾಹೇಬರತ್ತ ಬೆನ್ನು ಮಾಡಿ, ಇಕ್ಕಳದಿಂದ ಆ ಗಂಟನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡ. ಹೊಸ ತಂತಿಯನ್ನು ಬಾಗಿಲ ಮೇಲಿನಿಂದ ತಂದು, ಕ್ಲಿಪ್ಪು ಬಡಿದು, ಬಲಕ್ಕೆ ಹೊಸೆದು ಕಟ್ಟಿದ. ಸಾಹೇಬರು ಗಂಟಲು ಎರಡು ಸಲ ಸರಿಮಾಡಿಕೊಂಡು ಅಕ್ಕನಿಗೆ ಕೇಳಿಸ್ತೈತಾ ಅಂದರು. ಕಟ್ಟಳೆ ಮುಗಿಯಿತು. ಮೋಡ ರಾಮಗಿರಿಯ ಆಚೆಗೇ ಸುರಿದು ಖಾಲಿಯಾಯಿತಂತೆ. ಲಾರಿಗಳು ಒಣ ತಾಡಪಾಲಿನಲ್ಲೇ ಹೊಸದುರ್ಗಕ್ಕೆ ಹೊರಟವು.

ಹಿಂದಿರುಗುವ ಬಸ್ಸಿನಲ್ಲಿ ಪಕ್ಕಪಕ್ಕದಲ್ಲಿ ಕೂತೆವು. ಅವನು ಬೈಯಲಿ ಎಂದು ಕಾದೆ. ಬೈದರೆ ನಾನೂ ತಿರುಗಿಸಿ ಎರಡು ಅಂದು ಹಗುರಾಗಬಹುದಿತ್ತು. ಆ ಉಪಕಾರವನ್ನೂ ಅವನು ಮಾಡಲಿಲ್ಲ. ಕೊನೆಗೆ ನಾನೇ ಕೇಳಿದೆ, ನಿನ್ನೆ ಸಹಿ ಯಾಕೆ ಮಾಡಿದೆ, ನಿನ್ನ ಮೀಟರು ಬೇರೆ ಹೇಳಿತ್ತಲ್ಲ.

"ನೀನು ಮಾಡ್ದೆ ಅಂದ್ಯಲ್ಲ," ಅಂದ. "ಮೀಟ್ರೇ ಸುಳ್ಳು ತೋರಿಸ್ತೇನೋ ಅನ್ಕಂಡೆ. ಸಂಜೆಗಂಟ ಬಿಚ್ಚಿ ನೋಡಿದೆ."

ಆ ಸಂಜೆ ಅವನ ಸಪ್ಪೆ ಮುಖ ನೋಡುತ್ತ ಕುಡಿದ ಚಹಾ ಗಂಟಲಿಗೆ ಮರಳಿ ಬಂತು. ಎರಡು ಮಾತುಗಳಲ್ಲಿ ಅವನು ನನ್ನದನ್ನು ನಂಬಿ, ಮೀಟರನ್ನು ಅನುಮಾನಿಸಿದ್ದ. ನಾನಾಗಿದ್ದರೆ ಹಾಗೆ ಮಾಡುತ್ತಿರಲಿಲ್ಲ. ಅದು ತಿಳಿದಿದ್ದರಿಂದಲೇ ಅವನ ಮೇಲೆ ಇನ್ನಷ್ಟು ಕಿಚ್ಚು ಬಂತು. ಒಳ್ಳೆಯತನವೂ ಅವನಿಗೇ ಸಿಗಬೇಕೇ? ಚಿತ್ರದುರ್ಗದ ಬಂಡೆಗಳು ಕಾಣುವ ಹೊತ್ತಿಗೆ ನಾನೊಂದು ತೀರ್ಮಾನಕ್ಕೆ ಬಂದಿದ್ದೆ. ಅದರಲ್ಲಿ ಪಶ್ಚಾತ್ತಾಪ ಎಷ್ಟು, ಒಂದು ವಿಷಯದಲ್ಲಾದರೂ ಅವನಿಗೆ ಸಮನಾಗಬೇಕೆಂಬ ಹಟ ಎಷ್ಟು ಎಂದು ತೂಗಿ ನೋಡಿಲ್ಲ.

ಮರುದಿನ ಹೆಸರು ಬರೆಯಲು ಇನ್‌ಸ್ಪೆಕ್ಟರರು ಕಾಗದ ತೆಗೆದಾಗ, ಮೇಜಿನ ಮುಂದೆ ನಿಂತು ಎಲ್ಲ ಹೇಳಿದೆ. ಕಂಬ, ಬೀಡಿ, ದನಿ, ಎಡಗೈ ಗಂಟು. ಅವರು ನಂಬಲಿಲ್ಲ. ಗೆಳೆಯನನ್ನು ಉಳಿಸಲು ಆಟ ಕಟ್ಟುತ್ತಿದ್ದೀಯ, ನಿನ್ನ ಬಾಯಿಂದ ಬಂದ ಯಾವ ಮಾತನ್ನು ತಾನೇ ನಂಬಲಿ ಎಂದರು. ಹುಟ್ಟಿ ಬುದ್ಧಿ ಬಂದಾಗಿನಿಂದ ಮೊದಲ ಸಲ ನನ್ನದೇ ದನಿಯಲ್ಲಿ ಮಾತಾಡಿದ್ದೆ. ಅದನ್ನೂ ನಕಲು ಎಂದರು.

ಬಿಡಿಸಿದವರು ಅಕ್ಕ. ಹಲಗೆಯ ಮುಂದಿನಿಂದ ಏಳದೆ ಗೋದಾಮಿಗೆ ಹಗ್ಗ ಚುಚ್ಚಿ, ಸಾಹೇಬರನ್ನು ಕರೆದು, ನನ್ನ ಕೈಗೆ ಫೋನು ಕೊಟ್ಟರು. ಅವತ್ತು ಏನೆಂದಿಯೋ ಹಾಗೇ ಅನ್ನು ಎಂದರು. ಇನ್‌ಸ್ಪೆಕ್ಟರರು ಇನ್ನೊಂದು ಫೋನು ಕಿವಿಗೆ ಹಿಡಿದರು. ನಾನು ಗಂಟಲು ಎರಡು ಸಲ ಸರಿಮಾಡಿಕೊಂಡೆ. ಅಷ್ಟು ಕಷ್ಟದ ನಕಲನ್ನು ನಾನು ಮಾಡಿಲ್ಲ. ಅಚ್ಛಾ, ಗೋದಾಮು ಖಾಲಿ ಐತ್ರಿ, ಕಳಿಸ್ರಿ.

ಆ ಕಡೆ ಪೆನ್ಸಿಲು ಮರದ ಪೆಟ್ಟಿಗೆಗೆ ಎರಡು ಸಲ ಬಡಿದ ಸದ್ದು. ಆಮೇಲೆ ಸಾಹೇಬರು ಹೇಳಿದರು:

"ದನಿ ನಂದೇ ಐತ್ರಿ, ಇನ್‌ಸ್ಪೆಕ್ಟ್ರೇ. ಮಾತು ನಂದಲ್ಲ. ನಾನು ಖಾಲಿ ಅಂತ ಯಾವತ್ತೂ ಅಂದೋನಲ್ಲ, ಚೀಲ ಎಣಿಸಿ ಹೇಳೋನು."

ಇನ್‌ಸ್ಪೆಕ್ಟರರು ಕಿವಿಯ ಫೋನು ಕೆಳಗಿಟ್ಟರು. ಆಮೇಲೆ ಕಾಗದದ ಮೇಲೆ ಹಿರಿಯೂರಿನವನ ಹೆಸರು ಬರೆದರು. ನನ್ನನ್ನು ತೆಗೆದುಹಾಕಲಿಲ್ಲ. ತಾನಾಗಿ ಬಂದು ಹೇಳಿದ್ದಕ್ಕೆ ಇನ್ನೊಂದು ಆರು ತಿಂಗಳು ತಾತ್ಕಾಲಿಕ. ಉಳಿದೆರಡು ಗೋದಾಮಿನ ತಂತಿಗಳನ್ನು ಕಿಟಕಿಯಿಂದ ಬಾಗಿಲ ಮೇಲಕ್ಕೆ ಏರಿಸುವ ಕೆಲಸ ನನಗೆ, ಮೇಲುಸ್ತುವಾರಿ ಕಾಯಂ ಲೈನ್‌ಮನ್ನನಿಗೆ.

ಆ ಮೇಲುಸ್ತುವಾರಿಯ ಅಡಿಯಲ್ಲಿ ಒಂದು ತಿಂಗಳು ದುಡಿದೆ. ನಿಜವಾದ ಶಿಕ್ಷೆ ಬೇರೆಯೇ ಇತ್ತು. ನಾನು ಯಾವ ಕಂಬದಿಂದ ಹಿಡಿ ತಿರುಗಿಸಿದರೂ ಅಕ್ಕ ತಟ್ಟನೆ ಮುಂದಕ್ಕೆ ಕೊಡುತ್ತಿರಲಿಲ್ಲ. ಯಾರು ಎನ್ನುತ್ತಿದ್ದರು. "ನಾನು, ಅಕ್ಕಾ" ಅಂದರೆ, "ಯಾವ ನಾನು?" ಎನ್ನುತ್ತಿದ್ದರು. ನನ್ನ ಅಜ್ಜಿಯ ಹೆಸರು, ನಿನ್ನೆ ತಂದಿದ್ದ ಬುತ್ತಿ, ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ಹಗ್ಗ. ಅವನು ಅದೇ ಕಂಬದಿಂದ ಒಂದು ಹಲೋ ಅಂದರೆ ಸಾಕು, ಅತ್ತ ಗೋದಾಮು, ಇತ್ತ ಕಚೇರಿ, ಎಲ್ಲ ತೆರೆದುಕೊಳ್ಳುತ್ತಿದ್ದವು.

ಹೊಸದುರ್ಗದ ಗೋದಾಮಿನಲ್ಲಿ ಕೊನೆಯ ಕ್ಲಿಪ್ಪು ಬಡಿದ ದಿನ ನನಗೆ ತಡೆಯಲಾಗಲಿಲ್ಲ. ಕೆಳಗೆ ಏಣಿ ಹಿಡಿದು ನಿಂತಿದ್ದವನ ಮೇಲೆ ಕಕ್ಕಿಬಿಟ್ಟೆ. ಮೀಟರು ನಿನಗೆ, ಕೆಲಸ ನಿನಗೆ, ಚಹಾ ನಿನಗೆ, ನಾಯಿ ಸಹ ನಿನ್ನ ಕಡೆ. ಊರಿನವರ ದನಿಯೆಲ್ಲ ಕಲಿತವನು ನಾನು, ನಿನಗೆ ಬಾಯಿ ಬಿಡಲೂ ಬರಲ್ಲ, ಆದರೂ ಆ ಕಡೆಯವರು ನಿನ್ನನ್ನೇ ನಂಬ್ತಾರಲ್ಲ, ಇದ್ಯಾವ ನ್ಯಾಯ ಎಂದೆ.

ಅವನು ಏಣಿ ಬಿಡದೆ, ತಲೆ ಎತ್ತಿ ಹೇಳಿದ:

"ನಂಗೆ ಬರೋದು ಒಂದೇ ದನಿ ಕಣ್ಲೇ. ಅದಕ್ಕೇ ಯಾರು ಅಂತ ಯಾರೂ ಕೇಳಲ್ಲ."